ಪೀಠ ಎದ್ದ ಮೇಲೂ ಮುಗಿಯದ ಕೆಲಸ: ನ್ಯಾಯಾಲಯಗಳ ಆಡಳಿತ ನಡೆಸುವವರಿಗೆ ಒಂದು ಬಹಿರಂಗ ಪತ್ರ

ನ್ಯಾಯಾಲಯಗಳ ಆಡಳಿತದ ಹೊಣೆ ಹೊತ್ತಿರುವ ಗೌರವಾನ್ವಿತ ನ್ಯಾಯಾಧೀಶರಿಗೆ ಮತ್ತು ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ನ್ಯಾಯಾಲಯದ ಕಚೇರಿಗೆ ಬೆರಳಚ್ಚುಗಾರನಾಗಿ ಸೇರಿ, ಹಲವು ವರ್ಷ ಬೆಂಚ್ ಗುಮಾಸ್ತನಾಗಿ ದುಡಿದು, ಕೊನೆಗೆ ದಾಖಲೆ ಕೊಠಡಿಯ ಉಸ್ತುವಾರಿಯಲ್ಲಿದ್ದಾಗ ನಿವೃತ್ತನಾದವನು ನಾನು. ಸೇವೆಯಲ್ಲಿದ್ದಾಗ ಇಂಥ ಪತ್ರ ಬರೆಯಲು ಶಿಸ್ತಿನ ನಿಯಮಗಳು ಅಡ್ಡ ಬರುತ್ತಿದ್ದವು. ಈಗ ಆ ಅಡ್ಡಿ ಇಲ್ಲ. ನನ್ನೊಡನೆ ದುಡಿದವರಲ್ಲಿ ಹಲವರು ನಿವೃತ್ತಿಯ ವಯಸ್ಸಿಗೆ ಬಹಳ ಮೊದಲೇ ರಕ್ತದೊತ್ತಡ, ನಿದ್ರಾಹೀನತೆ, ಬೆನ್ನುನೋವು, ಖಿನ್ನತೆಗಳಿಂದ ಬಳಲಿ, ಇನ್ನು ಈ ಕೆಲಸ ತಮ್ಮ ಕೈಲಾಗದು ಎನ್ನುವ ಸ್ಥಿತಿಗೆ ಬಂದುದನ್ನು ಕಂಡಿದ್ದೇನೆ. ಅಂಥ ಪ್ರತಿ ಸಂದರ್ಭದಲ್ಲಿಯೂ ಕಚೇರಿ ಪರಿಶೀಲಿಸಿದ್ದು ನೌಕರರನ್ನು: ಅವರ ರಜೆಯ ಲೆಕ್ಕ, ವೈದ್ಯಕೀಯ ಪ್ರಮಾಣಪತ್ರ, ಹಾಜರಾತಿ. ಅವರಿಗೆ ವಹಿಸಿದ್ದ ಕೆಲಸವನ್ನು ಯಾರೂ ಪರಿಶೀಲಿಸಲಿಲ್ಲ. ಆ ಕ್ರಮವನ್ನು ಬದಲಿಸಿ, ನೌಕರರ ಕಾರ್ಯಸಾಮರ್ಥ್ಯ ಕುಂದಿದೆಯೆಂದು ಕಂಡಾಗ ಮೊದಲು ಕೆಲಸವನ್ನೇ ಪರೀಕ್ಷೆಗೆ ಒಳಪಡಿಸಬೇಕೆಂದು ತಮ್ಮಲ್ಲಿ ವಿನಂತಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಸಾರ್ವಜನಿಕರ ಕಣ್ಣಿಗೆ ಬೀಳುವ ನ್ಯಾಯಾಲಯವೆಂದರೆ ಪೀಠ, ವಾದ, ಸಾಕ್ಷಿ ಕಟಕಟೆ ಮತ್ತು ತೀರ್ಪು. ಆದರೆ ಕಲಾಪ ಆರಂಭವಾಗುವ ಹೊತ್ತಿಗೆ ಆ ದಿನದ ಪಟ್ಟಿಯಲ್ಲಿರುವ ಎಲ್ಲ ಕಡತಗಳೂ ದಾಖಲೆಗಳೊಡನೆ ಮೇಜಿನ ಮೇಲಿರಬೇಕು. ಕಲಾಪದ ನಡುವೆ ಪ್ರಕರಣಗಳನ್ನು ಕೂಗಿಸಬೇಕು, ಹಾಜರಿ ಗುರುತಿಸಬೇಕು, ದಾಖಲೆಗಳಿಗೆ ನಿಶಾನೆ ಸಂಖ್ಯೆ ಹಾಕಬೇಕು, ಮುಂದಿನ ದಿನಾಂಕ ಬರೆದುಕೊಳ್ಳಬೇಕು. ಪೀಠ ಎದ್ದ ಮೇಲೆ ಕಕ್ಷಿದಾರರೂ ವಕೀಲರೂ ಮನೆಗೆ ಹೋಗುತ್ತಾರೆ. ನೌಕರರ ಕೆಲಸದ ದೊಡ್ಡ ಪಾಲು ಆಗ ಶುರುವಾಗುತ್ತದೆ. ಆದೇಶ ಹಾಳೆಗಳನ್ನು ಪೂರ್ಣಗೊಳಿಸುವುದು, ಸಮನ್ಸು ಮತ್ತು ವಾರಂಟುಗಳನ್ನು ಸಿದ್ಧಪಡಿಸುವುದು, ಬಿಡುಗಡೆಯ ಆದೇಶಗಳನ್ನು ಕಾರಾಗೃಹಕ್ಕೆ ಕಳುಹಿಸುವುದು, ದೃಢೀಕೃತ ನಕಲುಗಳನ್ನು ಹೋಲಿಸಿ ನೋಡುವುದು, ಅಂದಿನ ಎಲ್ಲ ವಿವರವನ್ನೂ ಗಣಕಯಂತ್ರಕ್ಕೆ ಏರಿಸುವುದು, ಮರುದಿನದ ಕಡತಗಳನ್ನು ಹುಡುಕಿ ತೆಗೆದಿಡುವುದು. ಇದರಲ್ಲಿ ಯಾವೊಂದನ್ನೂ ನಾಳೆಗೆ ಮುಂದೂಡುವಂತಿಲ್ಲ, ಏಕೆಂದರೆ ನಾಳೆಗೆ ನಾಳೆಯದೇ ಪಟ್ಟಿ ಇರುತ್ತದೆ.

ಕೆಲಸದ ಪ್ರಮಾಣವೊಂದೇ ತೊಂದರೆಯಾಗಿದ್ದರೆ ಹುದ್ದೆಗಳನ್ನು ಹೆಚ್ಚಿಸಿದರೆ ಸಾಕಿತ್ತು. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಹಿಂಡುವುದು ಬೇರೊಂದು ಸಂಗತಿ. ಒಂದು ದಿನದ ಪಟ್ಟಿಯಲ್ಲಿ ಎಷ್ಟು ಪ್ರಕರಣಗಳಿರಬೇಕು, ಯಾವುದಕ್ಕೆ ಎಷ್ಟು ಹೊತ್ತು, ಯಾವಾಗ ವಾಯಿದೆ, ಯಾವ ತಖ್ತೆಯನ್ನು (ಮೇಲಿನ ಕಚೇರಿಗೆ ಕಳುಹಿಸುವ ಅಂಕಿಅಂಶದ ವರದಿಯನ್ನು) ಯಾವ ನಮೂನೆಯಲ್ಲಿ ಯಾವ ದಿನದೊಳಗೆ ಕಳುಹಿಸಬೇಕು ಎಂಬ ಯಾವ ನಿರ್ಧಾರದಲ್ಲಿಯೂ ನೌಕರರಿಗೆ ಮಾತಿಲ್ಲ. ಆದರೆ ಕಡತ ಸಿಗದಿದ್ದರೆ, ನೋಟಿಸು ಜಾರಿಯಾಗದಿದ್ದರೆ, ನಕಲು ತಡವಾದರೆ ವಿವರಣೆ ಕೊಡಬೇಕಾದವರು ಅವರೇ. ಸ್ವೀಡನ್ ಮತ್ತು ಅಮೆರಿಕದ ದುಡಿಮೆಗಾರರ ಸಮೀಕ್ಷೆಗಳನ್ನು ಆಧರಿಸಿ ರಾಬರ್ಟ್ ಕರಾಸೆಕ್ ಎಂಬ ವಿದ್ವಾಂಸರು 1979ರಲ್ಲಿಯೇ ತೋರಿಸಿಕೊಟ್ಟ ವಿಷಯ ಇದು: ಕೆಲಸದ ಒತ್ತಾಯ ಹೆಚ್ಚಾಗಿದ್ದು, ಆ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂದು ನಿರ್ಧರಿಸುವ ಅವಕಾಶ ಕಡಿಮೆ ಇದ್ದಲ್ಲಿ ಬಳಲಿಕೆ ಮತ್ತು ಖಿನ್ನತೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಅಷ್ಟೇ ಒತ್ತಾಯವಿದ್ದರೂ ನಿರ್ಧಾರದ ಸ್ವಾತಂತ್ರ್ಯವಿರುವವರು ಅದನ್ನು ತಾಳಿಕೊಳ್ಳಬಲ್ಲರು, ಅದರಿಂದ ಕಲಿಯಲೂ ಬಲ್ಲರು. ಮೇಲಧಿಕಾರಿ ಮತ್ತು ಸಹೋದ್ಯೋಗಿಗಳ ಬೆಂಬಲವೆಂಬ ಮೂರನೆಯ ಅಂಶವನ್ನು ಮುಂದೆ ಬಂದ ಸಂಶೋಧಕರು ಇದಕ್ಕೆ ಸೇರಿಸಿದರು. ಒತ್ತಾಯ ಹೆಚ್ಚು, ಹಿಡಿತ ಕಡಿಮೆ, ಬೆಂಬಲ ಅನಿಶ್ಚಿತ ಎಂಬ ಈ ಮೂರೂ ನ್ಯಾಯಾಲಯದ ಕಚೇರಿಯಲ್ಲಿ ಒಟ್ಟಿಗೆ ಸೇರುತ್ತವೆ.

ಕಿಟಕಿಯ ಬಳಿ ಕುಳಿತ ಗುಮಾಸ್ತರನ್ನು ಗಮನಿಸಿ. ವರ್ಷಗಟ್ಟಲೆ ಅಲೆದ ಕಕ್ಷಿದಾರರೊಬ್ಬರು ಮತ್ತೊಂದು ವಾಯಿದೆ ಸಿಕ್ಕಿತೆಂಬ ಸಂಕಟದಲ್ಲಿ ಅಲ್ಲಿಗೆ ಬರುತ್ತಾರೆ. ವಾಯಿದೆ ಕೊಟ್ಟವರು ಗುಮಾಸ್ತರಲ್ಲ, ಕೇಳಿದವರೂ ಅವರಲ್ಲ. ಆದರೆ ಕಕ್ಷಿದಾರರು ನೇರವಾಗಿ ಮಾತನಾಡಬಹುದಾದ ಒಂದೇ ಮುಖ ಅವರದು. ಆ ಸಿಟ್ಟು ನ್ಯಾಯವಾದದ್ದೆಂದು ಗುಮಾಸ್ತರಿಗೂ ಗೊತ್ತಿರುತ್ತದೆ, ಮತ್ತು ಅದನ್ನು ತಣಿಸಲು ಅವರ ಬಳಿ ಏನೂ ಇರುವುದಿಲ್ಲ. ಮುಂದೆ ಹೀಗಾಗಬಹುದೆಂದು ಸಲಹೆ ಕೊಡುವಂತಿಲ್ಲ, ಸಹಾನುಭೂತಿ ತೋರಿದರೆ ಒಂದು ಪಕ್ಷದ ಪರ ಎಂಬ ಅಪವಾದ ಬರಬಹುದು. ದಿನವಿಡೀ ಮುಖಭಾವವನ್ನು ಬಿಗಿಹಿಡಿದು ಕೂರುವುದು ಕೂಡ ದುಡಿಮೆಯೇ. ಯಾವ ಕರ್ತವ್ಯ ಪಟ್ಟಿಯಲ್ಲಿಯೂ ಅದು ನಮೂದಾಗಿರುವುದಿಲ್ಲ.

ಇದರ ಜೊತೆಗೆ ಪ್ರತಿಫಲದ ಪ್ರಶ್ನೆ ಇದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಮಂಡಿಸಿದ ವಿವರಣೆಯಂತೆ, ಹಾಕುವ ಶ್ರಮಕ್ಕೂ ಪಡೆಯುವ ಪ್ರತಿಫಲಕ್ಕೂ ದೀರ್ಘಕಾಲ ಹೊಂದಾಣಿಕೆ ತಪ್ಪಿದರೆ ಅದು ಹೃದಯದ ಆರೋಗ್ಯವನ್ನೇ ಕೆಡಿಸಬಲ್ಲದು. ಅವರು ಪ್ರತಿಫಲವೆಂದು ಕರೆದದ್ದು ಸಂಬಳವನ್ನಷ್ಟೇ ಅಲ್ಲ. ಗೌರವ, ಬಡ್ತಿಯ ಅವಕಾಶ, ಹುದ್ದೆಯ ಭದ್ರತೆಗಳೂ ಅದರೊಳಗೆ ಬರುತ್ತವೆ. ಗುತ್ತಿಗೆಯ ಮೇಲೆ ನೇಮಕಗೊಂಡು, ಕಾಯಂ ನೌಕರರಷ್ಟೇ ಹೊಣೆ ಹೊತ್ತು, ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎಂದು ತಿಳಿಯದೆ ದುಡಿಯುವವರ ಪಾಲಿಗೆ ಈ ಮಾತು ಎಷ್ಟು ನಿಜವೆಂದು ನಾನು ವಿವರಿಸಬೇಕಿಲ್ಲ.

ಒತ್ತಡವೆಂಬುದು ಮನಸ್ಸಿನ ದೌರ್ಬಲ್ಯ, ಗಟ್ಟಿಯಾದವರನ್ನು ಅದು ತಟ್ಟುವುದಿಲ್ಲ ಎಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಇಂದಿಗೂ ಇದೆ. ಅದಕ್ಕೆ ಉತ್ತರವಾಗಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ವೈಟ್‌ಹಾಲ್ ಅಧ್ಯಯನಗಳನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. 1967ರಲ್ಲಿ ಆರಂಭವಾದ ಮೊದಲ ಅಧ್ಯಯನದಲ್ಲಿ, ಕೆಳದರ್ಜೆಯ ಪುರುಷ ನೌಕರರು ಹೃದ್ರೋಗದಿಂದ ಸಾಯುವ ಪ್ರಮಾಣವು ಅತ್ಯುನ್ನತ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. 1985ರಲ್ಲಿ ಮೈಕೆಲ್ ಮಾರ್ಮೊಟ್ ಅವರ ನೇತೃತ್ವದಲ್ಲಿ ಆರಂಭವಾದ ಎರಡನೆಯ ಅಧ್ಯಯನವು 35ರಿಂದ 55 ವರ್ಷದೊಳಗಿನ 10,308 ನೌಕರರನ್ನು ವರ್ಷಗಟ್ಟಲೆ ಅನುಸರಿಸಿ, ಕೆಲಸದ ಮೇಲಿನ ಹಿಡಿತ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚೆಂದು ಕಂಡುಕೊಂಡಿತು. ಇವರು ಗಣಿಯಲ್ಲಿಯೋ ಕುಲುಮೆಯ ಮುಂದೆಯೋ ದುಡಿದವರಲ್ಲ. ನಮ್ಮ ಹಾಗೆಯೇ ಮೇಜಿನ ಮುಂದೆ ಕುಳಿತು ಕಡತ ನೋಡಿದವರು. ದೊಡ್ಡ ಜವಾಬ್ದಾರಿ ಮೇಲಿನವರಿಗೇ ಇರುವುದರಿಂದ ಒತ್ತಡದ ಕಾಯಿಲೆಗಳೂ ಅವರಿಗೇ ಹೆಚ್ಚು ಎಂಬ ಹಳೆಯ ಎಣಿಕೆ ಅಲ್ಲಿ ತಲೆಕೆಳಗಾಯಿತು.

ಯುರೋಪಿನ 13 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು ಎರಡು ಲಕ್ಷ ಜನರ ವಿವರಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹೆಚ್ಚು ಒತ್ತಾಯ ಮತ್ತು ಕಡಿಮೆ ಹಿಡಿತದ ಕೆಲಸದಲ್ಲಿರುವವರಿಗೆ ಹೃದಯದ ರಕ್ತನಾಳದ ಕಾಯಿಲೆ ಬರುವ ಸಂಭವ ಇತರರಿಗಿಂತ ಶೇ 23ರಷ್ಟು ಹೆಚ್ಚು. ಧೂಮಪಾನದಂಥ ಕಾರಣಗಳಿಗೆ ಹೋಲಿಸಿದರೆ ಇದು ಸಣ್ಣದೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಧೂಮಪಾನವನ್ನು ಬಿಡುವ ಅಧಿಕಾರ ನೌಕರರ ಕೈಯಲ್ಲಿದೆ. ಕೆಲಸದ ರಚನೆಯನ್ನು ಬದಲಿಸುವ ಅಧಿಕಾರ ತಮ್ಮ ಕೈಯಲ್ಲಿದೆ. ಇನ್ನು ಕೆಲಸದ ಗಂಟೆಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಂದಾಜು ಹೀಗಿದೆ: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಹಾಜರಿ ಪುಸ್ತಕದಲ್ಲಿ ಕಚೇರಿಯ ವೇಳೆ ಮಾತ್ರ ದಾಖಲಾಗುತ್ತದೆ. ಮನೆಗೆ ಒಯ್ದ ಬೆರಳಚ್ಚಿನ ಕೆಲಸ, ರಜೆಯ ದಿನ ಬಂದು ಮುಗಿಸಿದ ತಖ್ತೆ ಅದರಲ್ಲಿ ಕಾಣುವುದಿಲ್ಲ.

ದೇಹದೊಳಗೆ ಆಗುವುದು ಸರಳವಾಗಿಯೇ ಇದೆ. ಅಪಾಯ ಎದುರಾದಾಗ ಹೃದಯದ ಬಡಿತ, ರಕ್ತದೊತ್ತಡ, ರಕ್ತದಲ್ಲಿನ ಸಕ್ಕರೆ ಏರುವುದು ಸಹಜ. ಅಪಾಯ ಕಳೆದ ಮೇಲೆ ಅವು ಇಳಿಯಬೇಕು. ನಿತ್ಯವೂ ಏರಿ, ಸರಿಯಾಗಿ ಇಳಿಯದೆ ಹೋದರೆ ರಕ್ಷಣೆಗೆಂದು ಇದ್ದ ಈ ವ್ಯವಸ್ಥೆಯೇ ದೇಹವನ್ನು ಸವೆಸುತ್ತದೆ. ಅದರ ಸೂಚನೆಗಳಲ್ಲಿ ಒಂದು ನಿದ್ರೆ ಕೆಡುವುದು. ಹಾಸಿಗೆಯ ಮೇಲೆ ಮಲಗಿ, ಸಂಜೆ ಕಳುಹಿಸಿದ ವಾರಂಟಿನಲ್ಲಿ ಹೆಸರು ಸರಿಯಾಗಿ ಬರೆದೆನೇ ಎಂದು ಮತ್ತೆ ಮತ್ತೆ ನೆನಪಿಸಿಕೊಳ್ಳದ ಬೆಂಚ್ ಗುಮಾಸ್ತರು ಯಾರೂ ಇರಲಾರರು. ಕುತ್ತಿಗೆ, ಮಣಿಕಟ್ಟು, ಕಣ್ಣುಗಳ ನೋವು, ದಾಖಲೆ ಕೊಠಡಿಯ ಧೂಳಿನಿಂದಾಗುವ ಉಸಿರಾಟದ ತೊಂದರೆ ಎಲ್ಲರಿಗೂ ಗೊತ್ತಿರುವುದರಿಂದ ಅವನ್ನು ಇಲ್ಲಿ ಬೆಳೆಸುವುದಿಲ್ಲ.

ಆದರೆ ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿಯನ್ನು ನಾನು ವಿವರವಾಗಿಯೇ ಹೇಳಬೇಕು. ನಮ್ಮ ಕಚೇರಿಯಲ್ಲಿ ಒಬ್ಬ ಶೀಘ್ರಲಿಪಿಗಾರ್ತಿ ಇದ್ದರು. ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ಸಾಕ್ಷ್ಯ ದಾಖಲಿಸುವ ಕೆಲಸ ಅವರಿಗೆ ಬಂದಿತ್ತು. ಸಭಾಂಗಣದಲ್ಲಿರುವ ಉಳಿದವರು ಸಾಕ್ಷಿಯ ಮಾತಿನ ಸಾರಾಂಶವನ್ನು ಕೇಳಿದರೆ ಸಾಕು. ಶೀಘ್ರಲಿಪಿಗಾರರು ಪ್ರತಿ ಪದವನ್ನೂ ಹಿಡಿಯಬೇಕು. ಮಗು ತಡವರಿಸಿದ್ದನ್ನು, ಅತ್ತು ನಿಲ್ಲಿಸಿದ್ದನ್ನು, ಪಾಟೀಸವಾಲಿನಲ್ಲಿ ಅದೇ ವಿವರವನ್ನು ಮತ್ತೊಮ್ಮೆ ಹೇಳಿದ್ದನ್ನು ಕೇಳಿಸಿಕೊಳ್ಳಬೇಕು. ಆಮೇಲೆ ಕೊಠಡಿಗೆ ಹೋಗಿ ಅದನ್ನೆಲ್ಲ ಬೆರಳಚ್ಚು ಮಾಡಬೇಕು, ಹೋಲಿಸಿ ತಿದ್ದಬೇಕು. ಹೀಗೆ ಒಂದೇ ಘಟನೆಯನ್ನು ಅವರು ಮೂರು ನಾಲ್ಕು ಬಾರಿ ಹಾದುಹೋಗುತ್ತಿದ್ದರು. ತಿಂಗಳುಗಳು ಕಳೆದಂತೆ ಅವರು ತಮ್ಮ ಮಗಳನ್ನು ಹೊರಗೆ ಆಡಲು ಬಿಡದಾದರು, ರಾತ್ರಿ ಬೆಚ್ಚಿ ಏಳತೊಡಗಿದರು, ಸಣ್ಣ ಸದ್ದಿಗೂ ಸಿಡಿಮಿಡಿಗೊಳ್ಳತೊಡಗಿದರು. ಗೋಪ್ಯತೆಯ ನಿಯಮವಿದ್ದುದರಿಂದ ಮನೆಯಲ್ಲಿ ಏನನ್ನೂ ಹೇಳುವಂತಿರಲಿಲ್ಲ. ಕಚೇರಿಯಲ್ಲಿ ಹೇಳಿದರೆ ಕೆಲಸಕ್ಕೆ ತಕ್ಕವರಲ್ಲ ಎಂದು ಬರೆದುಬಿಡುತ್ತಾರೆಂಬ ಭಯವಿತ್ತು. ಅವರ ಬೆರಳಚ್ಚಿನಲ್ಲಿ ತಪ್ಪುಗಳು ಹೆಚ್ಚಿದಾಗ ಮೇಲಿನಿಂದ ಬಂದದ್ದು ಒಂದು ಮೆಮೊ. ಅವರ ಪಕ್ಕದ ಮೇಜಿನಲ್ಲಿದ್ದ ನಾನೂ ಆಗ ಏನೂ ಕೇಳಲಿಲ್ಲ. ಅದಕ್ಕಾಗಿ ನನಗೆ ಇಂದಿಗೂ ನೋವಿದೆ.

ಅವರಿಗಾದದ್ದು ಕಲ್ಪನೆಯಲ್ಲ. ಇತರರ ಆಘಾತದ ಕಥೆಗಳನ್ನು ವೃತ್ತಿಯ ಭಾಗವಾಗಿ ನಿರಂತರ ಕೇಳುವವರಲ್ಲಿ ಆಗುವ ಈ ಬದಲಾವಣೆಯನ್ನು ಮನಃಶಾಸ್ತ್ರಜ್ಞರು 1990ರಿಂದಲೂ ವಿವರಿಸುತ್ತ ಬಂದಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ, ಆಘಾತೋತ್ತರ ಒತ್ತಡದ ಕಾಯಿಲೆಗೆ ಕಾರಣವಾಗಬಲ್ಲ ಅನುಭವಗಳ ಪಟ್ಟಿಯಲ್ಲಿ, ಭೀಕರ ಘಟನೆಗಳ ವಿವರಗಳಿಗೆ ಪದೇ ಪದೇ ಅಥವಾ ತೀವ್ರವಾಗಿ ಒಡ್ಡಿಕೊಳ್ಳುವುದನ್ನೂ ಸೇರಿಸಿದೆ. ಮಾಧ್ಯಮ ಮತ್ತು ಚಿತ್ರಗಳ ಮೂಲಕ ನೋಡಿದ್ದನ್ನು ಆ ಕೈಪಿಡಿ ಸಾಮಾನ್ಯವಾಗಿ ಹೊರಗಿಡುತ್ತದೆ, ಆದರೆ ಅದು ಕೆಲಸದ ಭಾಗವಾಗಿದ್ದರೆ ಒಳಗೆ ತರುತ್ತದೆ. ಶವಪರೀಕ್ಷೆಯ ಛಾಯಾಚಿತ್ರಗಳನ್ನು ಸ್ಕ್ಯಾನ್ ಮಾಡುವ ಸಹಾಯಕರು, ರಕ್ತದ ಕಲೆಯ ಬಟ್ಟೆಗಳಿರುವ ಮುದ್ದೇಮಾಲು ಕೊಠಡಿಯನ್ನು (ಪ್ರಕರಣಗಳಲ್ಲಿ ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಕೊಠಡಿಯನ್ನು) ನೋಡಿಕೊಳ್ಳುವವರು, ಸಾಕ್ಷ್ಯದ ವಿಡಿಯೊವನ್ನು ಪರದೆಯ ಮೇಲೆ ತೋರಿಸುವ ತಾಂತ್ರಿಕ ಸಿಬ್ಬಂದಿ ಎಲ್ಲರೂ ಈ ವಿವರಣೆಯ ವ್ಯಾಪ್ತಿಗೆ ಬರಬಹುದಾದವರು. ಪೊಲೀಸರ ಬಗ್ಗೆ, ಅಗ್ನಿಶಾಮಕ ದಳದವರ ಬಗ್ಗೆ ಹೀಗೆ ಯೋಚಿಸುವುದು ರೂಢಿಯಾಗಿದೆ. ನ್ಯಾಯಾಲಯದ ಬೆರಳಚ್ಚುಗಾರರ ಬಗ್ಗೆಯೂ ಹಾಗೆಯೇ ಯೋಚಿಸಬೇಕಾಗಿದೆ.

ಈ ಪತ್ರವನ್ನು ಓದುತ್ತಿರಬಹುದಾದ ಸಾರ್ವಜನಿಕರಿಗೂ ಇಲ್ಲಿ ಒಂದು ಮಾತು. ನ್ಯಾಯಾಲಯದ ಕಿಟಕಿಯಲ್ಲಿ ತಮಗೆ ಸಿಕ್ಕ ಒರಟು ಉತ್ತರವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಕಾಯಿಲೆಗಳ ವರ್ಗೀಕರಣದ 11ನೆಯ ಪರಿಷ್ಕರಣೆಯಲ್ಲಿ, ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ ಬಸವಳಿಕೆಗೆ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗ್ಗೆ ಕಹಿಭಾವ ಬೆಳೆಯುವುದು, ಮತ್ತು ವೃತ್ತಿಯಲ್ಲಿ ದಕ್ಷತೆ ಕುಗ್ಗುವುದು. ಅದನ್ನು ಆ ಸಂಸ್ಥೆ ಕಾಯಿಲೆಯೆಂದು ಕರೆದಿಲ್ಲ, ದುಡಿಮೆಗೆ ಸಂಬಂಧಿಸಿದ ವಿದ್ಯಮಾನವೆಂದು ಕರೆದಿದೆ; ಅಂದರೆ ಅದರ ಮೂಲವನ್ನು ಕೆಲಸದಲ್ಲಿಯೇ ಹುಡುಕಬೇಕೆಂದು ನನ್ನ ತಿಳಿವಳಿಕೆ. ತಾವು ಅಹಂಕಾರವೆಂದು ಭಾವಿಸುವ ವರ್ತನೆ ಎಷ್ಟೋ ಸಲ ಆ ಎರಡನೆಯ ಲಕ್ಷಣವಾಗಿರುತ್ತದೆ. ಸೇವೆಗೆ ಸೇರಿದ ಮೊದಲ ವರ್ಷ ಅದೇ ನೌಕರರು ವೃದ್ಧ ಕಕ್ಷಿದಾರರನ್ನು ತಾವೇ ಕೈಹಿಡಿದು ಸಂಬಂಧಪಟ್ಟ ವಿಭಾಗಕ್ಕೆ ಕರೆದೊಯ್ದಿದ್ದನ್ನು ನಾನು ಕಂಡಿದ್ದೇನೆ.

ಈಗ ಕಾರ್ಯಸಾಮರ್ಥ್ಯದ ವಿಷಯಕ್ಕೆ ಬರುತ್ತೇನೆ. ಫಿನ್‌ಲೆಂಡಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ಯುಹಾನಿ ಇಲ್ಮರಿನೆನ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಕಾರ್ಯಸಾಮರ್ಥ್ಯ ಸೂಚ್ಯಂಕವನ್ನು ರೂಪಿಸಿದರು. ಅದು ನೌಕರರೇ ಉತ್ತರಿಸುವ ಪ್ರಶ್ನಾವಳಿ. ತಮ್ಮ ಜೀವನದ ಅತ್ಯುತ್ತಮ ಸ್ಥಿತಿಗೆ ಹೋಲಿಸಿದರೆ ಈಗಿನ ಸಾಮರ್ಥ್ಯ ಎಷ್ಟಿದೆ, ಕೆಲಸವು ಬೇಡುವ ದೈಹಿಕ ಮತ್ತು ಮಾನಸಿಕ ಶ್ರಮಕ್ಕೆ ಅದು ಸಾಲುತ್ತದೆಯೇ, ವೈದ್ಯರು ಗುರುತಿಸಿದ ಕಾಯಿಲೆಗಳೆಷ್ಟು, ಅವು ಕೆಲಸಕ್ಕೆ ಎಷ್ಟು ಅಡ್ಡಿಯಾಗುತ್ತಿವೆ, ಕಳೆದ ವರ್ಷ ಎಷ್ಟು ದಿನ ಕಾಯಿಲೆಯ ರಜೆ ಹಾಕಿದರು, ಇನ್ನೆರಡು ವರ್ಷ ಇದೇ ಕೆಲಸ ಮಾಡಬಲ್ಲರೇ, ಮನಸ್ಸಿನಲ್ಲಿ ಉತ್ಸಾಹ ಮತ್ತು ಭರವಸೆ ಉಳಿದಿವೆಯೇ ಎಂಬ ಏಳು ಅಂಶಗಳು ಅದರಲ್ಲಿವೆ. ಒಟ್ಟು ಅಂಕ 7ರಿಂದ 49. 27ರವರೆಗೆ ಬಂದರೆ ಸಾಮರ್ಥ್ಯ ಕಳಪೆ, 28ರಿಂದ 36 ಸಾಧಾರಣ, 37ರಿಂದ 43 ಉತ್ತಮ, ಅದಕ್ಕಿಂತ ಮೇಲೆ ಅತ್ಯುತ್ತಮ.

ಈ ಸೂಚ್ಯಂಕದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ಹಿಂದಿರುವ ತಿಳಿವಳಿಕೆ. ಕಾರ್ಯಸಾಮರ್ಥ್ಯವು ಮನುಷ್ಯನೊಳಗೆ ಮಾತ್ರ ಇರುವ ಗುಣವೆಂದು ಅದು ಭಾವಿಸುವುದಿಲ್ಲ. ಮನುಷ್ಯನ ಶಕ್ತಿಗೂ ಕೆಲಸದ ಬೇಡಿಕೆಗೂ ನಡುವಿನ ಹೊಂದಾಣಿಕೆಯೆಂದು ಭಾವಿಸುತ್ತದೆ. ಹಾಗಾಗಿ ಅಂಕ ಕಡಿಮೆಯಾದಾಗ ತಿದ್ದಬೇಕಾದ್ದು ಎರಡು ಕಡೆ ಇರುತ್ತದೆ. 1981ರಿಂದ 1992ರವರೆಗೆ ಫಿನ್‌ಲೆಂಡಿನ ಪೌರ ಸಂಸ್ಥೆಗಳ ನೌಕರರನ್ನು ಅನುಸರಿಸಿದ ಅಧ್ಯಯನದಲ್ಲಿ, ಆರಂಭದಲ್ಲಿ 44ರಿಂದ 58 ವರ್ಷದೊಳಗಿನ 6,257 ಮಂದಿ ಇದ್ದರು. ವಯಸ್ಸು ಏರುತ್ತಿದ್ದರೂ ಕೆಲವರ ಸಾಮರ್ಥ್ಯ ಸುಧಾರಿಸಿದ್ದು ಕಂಡುಬಂತು. ಅದಕ್ಕೆ ಸಂಬಂಧಿಸಿದ್ದ ಅಂಶಗಳು ಮೂರು: ಮೇಲ್ವಿಚಾರಕರ ನಡವಳಿಕೆ ಉತ್ತಮಗೊಂಡದ್ದು, ಒಂದೇ ಬಗೆಯ ಚಲನೆಯ ಕೆಲಸ ಕಡಿಮೆಯಾದದ್ದು, ಬಿಡುವಿನಲ್ಲಿ ವ್ಯಾಯಾಮ ಹೆಚ್ಚಿದ್ದು. ಸಾಮರ್ಥ್ಯ ಕುಸಿದವರಲ್ಲಿ ಕಂಡ ಅಂಶಗಳಲ್ಲಿ ಕೆಲಸದಲ್ಲಿ ಸಿಗುವ ಮನ್ನಣೆ ಮತ್ತು ಗೌರವ ಕಡಿಮೆಯಾದದ್ದು, ಕೆಲಸದ ಜಾಗ ಹದಗೆಟ್ಟದ್ದು ಸೇರಿವೆ. ಮೇಲ್ವಿಚಾರಕರ ನಡವಳಿಕೆಯನ್ನು ಬದಲಿಸಲು ಹಣಕಾಸು ಇಲಾಖೆಯ ಒಪ್ಪಿಗೆ ಬೇಕಿಲ್ಲವೆಂಬುದನ್ನು ತಾವು ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ತೆರೆದ ನ್ಯಾಯಾಲಯದಲ್ಲಿ ಎಲ್ಲರೆದುರು ಗುಮಾಸ್ತರನ್ನು ಗದರಿಸುವ ರೂಢಿ ನಿಂತರೆ ಅಷ್ಟರಿಂದಲೇ ಒಂದು ಭಾರ ಇಳಿಯುತ್ತದೆ.

ನೌಕರರ ಆರೋಗ್ಯ ಅವರ ಖಾಸಗಿ ವಿಷಯವೆಂದು ಹೇಳುವವರಿದ್ದಾರೆ. ನ್ಯಾಯಾಲಯದ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದಲ್ಲ. ಜ್ವರದಲ್ಲಿಯೂ, ನಿದ್ರೆಯಿಲ್ಲದೆಯೂ ಬಂದು ಕುಳಿತ ನೌಕರರು ಹಾಜರಿ ಪುಸ್ತಕದಲ್ಲಿ ಹಾಜರಿರುತ್ತಾರೆ, ಆದರೆ ಅವರ ಗಮನ ಹಾಜರಿರುವುದಿಲ್ಲ. ಬಿಡುಗಡೆಯ ಆದೇಶದಲ್ಲಿ ಪ್ರಕರಣದ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಒಬ್ಬ ಮನುಷ್ಯ ಇನ್ನೊಂದು ರಾತ್ರಿ ಸೆರೆಮನೆಯಲ್ಲಿ ಕಳೆಯಬೇಕಾಗುತ್ತದೆ. ರದ್ದಾದ ವಾರಂಟನ್ನು ಹಿಂಪಡೆದ ಮಾಹಿತಿ ಪೊಲೀಸರಿಗೆ ತಲುಪದಿದ್ದರೆ ನಿರ್ದೋಷಿಯೊಬ್ಬರು ಮನೆಯವರ ಮುಂದೆ ಬಂಧನಕ್ಕೊಳಗಾಗುತ್ತಾರೆ. ಜೀವನಾಂಶದ ಆದೇಶದ ನಕಲು ತಡವಾದಷ್ಟು ದಿನ ಒಂದು ಸಂಸಾರ ಕೈಕಟ್ಟಿ ಕಾಯುತ್ತದೆ. ತೀರ್ಪು ಎಷ್ಟೇ ಸರಿಯಾಗಿದ್ದರೂ ಅದು ಜನರನ್ನು ತಲುಪುವುದು ಈ ಕೈಗಳ ಮೂಲಕವೇ.

ಗಣಕೀಕರಣದಿಂದ ಭಾರ ಇಳಿಯುತ್ತದೆಂದು ನಾವೆಲ್ಲ ನಂಬಿದ್ದೆವು, ಮತ್ತು ನಕಲು ಹುಡುಕುವಂಥ ಕೆಲವು ಕೆಲಸಗಳಲ್ಲಿ ಅದು ನಿಜವಾಗಿಯೂ ಇಳಿದಿದೆ. ಆದರೆ ಕಾಗದದ ವಹಿಗಳನ್ನು ನಿಲ್ಲಿಸದೆ ತೆರೆಯ ಮೇಲಿನ ನಮೂದನ್ನು ಸೇರಿಸಿದ ಕಡೆಗಳಲ್ಲಿ ಒಂದೇ ವಿವರವನ್ನು ಎರಡು ಕಡೆ ಬರೆಯುವಂತಾಯಿತು. ಸಂದೇಶಗಳು ಕೈಯಲ್ಲಿನ ಫೋನಿಗೆ ಬರತೊಡಗಿದ ಮೇಲೆ ಮನೆಗೂ ಕಚೇರಿಗೂ ನಡುವಿದ್ದ ಬಾಗಿಲು ಇಲ್ಲವಾಯಿತು. ಹೊಸ ತಂತ್ರಾಂಶ ತರುವಾಗ ಅದನ್ನು ದಿನನಿತ್ಯ ಬಳಸುವವರನ್ನು ಮೊದಲೇ ಕರೆದು ಕೇಳಿದ್ದರೆ ಈ ಇಮ್ಮಡಿ ಕೆಲಸದ ಬಹುಪಾಲನ್ನು ತಪ್ಪಿಸಬಹುದಿತ್ತು.

ಪರಿಹಾರವಾಗಿ ಸಾಮಾನ್ಯವಾಗಿ ಏರ್ಪಡುವುದು ಒಂದು ದಿನದ ಉಪನ್ಯಾಸ ಅಥವಾ ಧ್ಯಾನ ಶಿಬಿರ. ಅದರಿಂದ ಕೆಲವರಿಗೆ ನೆಮ್ಮದಿ ಸಿಕ್ಕಿದೆ, ಅದನ್ನು ನಿಲ್ಲಿಸಿ ಎಂದು ಹೇಳುವುದಿಲ್ಲ. ಆದರೆ ಶಿಬಿರ ಮುಗಿಸಿ ಮೇಜಿಗೆ ಮರಳಿದವರ ಮುಂದೆ ಅದೇ ಕಡತದ ರಾಶಿ, ಜೊತೆಗೆ ಶಿಬಿರದ ದಿನದ ಬಾಕಿಯೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ, ದುಡಿಮೆಯ ಸ್ಥಳದಲ್ಲಿ ಮಾನಸಿಕ ಆರೋಗ್ಯ ಕುರಿತ ಮಾರ್ಗಸೂಚಿಗಳು ವ್ಯಕ್ತಿಗಳಿಗೆ ತರಬೇತಿಯನ್ನು ಸೂಚಿಸುವುದರ ಜೊತೆಗೆ ಕೆಲಸದ ಹೊರೆ, ವೇಳೆ ಮತ್ತು ರಚನೆಯಲ್ಲಿ ಬದಲಾವಣೆಯನ್ನೂ, ಮೇಲ್ವಿಚಾರಕರಿಗೆ ತರಬೇತಿಯನ್ನೂ ಶಿಫಾರಸು ಮಾಡುತ್ತವೆ. ಅದೇ ವರ್ಷದ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಸುರಕ್ಷಿತ ಮತ್ತು ಆರೋಗ್ಯಕರ ದುಡಿಮೆಯ ಪರಿಸರವನ್ನು ದುಡಿಮೆಯ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಇತರರ ದುಡಿಮೆಯ ಹಕ್ಕುಗಳ ಬಗ್ಗೆ ತೀರ್ಪು ಬರೆಯುವ ಕಟ್ಟಡದೊಳಗೆ ಆ ಹಕ್ಕು ಜಾರಿಯಲ್ಲಿರಬೇಕೆಂದು ನಿರೀಕ್ಷಿಸುವುದು ಅತಿಯಾಸೆಯಲ್ಲವೆಂದು ತಿಳಿದಿದ್ದೇನೆ.

ಆದ್ದರಿಂದ ನನ್ನ ವಿನಂತಿಗಳು ಹೀಗಿವೆ. ಪ್ರತಿ ನ್ಯಾಯಾಲಯದಲ್ಲಿಯೂ ಎರಡು ವರ್ಷಕ್ಕೊಮ್ಮೆ ಕಾರ್ಯಸಾಮರ್ಥ್ಯ ಸೂಚ್ಯಂಕದ ಮೂಲಕ ನೌಕರರ ಸ್ಥಿತಿಯನ್ನು ಅಳೆಯಿರಿ. ಉತ್ತರಿಸುವುದು ಅವರವರ ಇಚ್ಛೆಗೆ ಬಿಟ್ಟಿರಲಿ. ಉತ್ತರಗಳು ವೈದ್ಯರ ಬಳಿ ಮಾತ್ರ ಇರಲಿ. ಆಡಳಿತಕ್ಕೆ ವಿಭಾಗವಾರು ಸರಾಸರಿಯಷ್ಟೇ ಸಿಗಲಿ. ಯಾವುದೇ ನೌಕರರ ಬಡ್ತಿಗೋ ವರ್ಗಾವಣೆಗೋ ಕಡ್ಡಾಯ ನಿವೃತ್ತಿಗೋ ಅದನ್ನು ಬಳಸುವಂತಿಲ್ಲವೆಂದು ಲಿಖಿತ ಆದೇಶವಿರಬೇಕು, ಇಲ್ಲದಿದ್ದರೆ ಯಾರೂ ನಿಜ ಬರೆಯುವುದಿಲ್ಲ. ನಕಲು ವಿಭಾಗದ ಸರಾಸರಿ 30ಕ್ಕೆ ಇಳಿದು ಲೆಕ್ಕಪತ್ರ ವಿಭಾಗದ್ದು 40ರಲ್ಲಿ ನಿಂತಿದ್ದರೆ, ನಕಲು ವಿಭಾಗಕ್ಕೆ ಸೋಮಾರಿಗಳೇ ಸೇರಿಕೊಂಡರೆಂದು ಯಾರೂ ವಾದಿಸಲಾರರು. ಅಲ್ಲಿನ ಕೆಲಸದಲ್ಲಿ ಏನಿದೆಯೆಂದು ನೋಡಲೇಬೇಕಾಗುತ್ತದೆ.

ಹೊಸ ಗುರಿ, ಹೊಸ ತಖ್ತೆ, ಹೊಸ ತಂತ್ರಾಂಶದ ಸುತ್ತೋಲೆ ಹೊರಡುವ ಮೊದಲು ಅದಕ್ಕೆ ತಗಲುವ ಮಾನವ ಗಂಟೆಗಳ ಅಂದಾಜನ್ನು ಅದರ ಜೊತೆಗೇ ನಮೂದಿಸುವ ನಿಯಮ ತನ್ನಿ. ಆ ಗಂಟೆಗಳು ಎಲ್ಲಿಂದ ಬರಬೇಕು, ಅದಕ್ಕಾಗಿ ಯಾವ ಹಳೆಯ ಕೆಲಸವನ್ನು ಕೈಬಿಡಬಹುದು ಎಂಬುದನ್ನು ನಿರ್ಧರಿಸುವ ಸಭೆಯಲ್ಲಿ ಆ ಕೆಲಸ ಮಾಡುವ ನೌಕರರಿಗೆ ಕುರ್ಚಿ ಇರಲಿ. ಖಾಲಿ ಹುದ್ದೆಗಳನ್ನು ತುಂಬುವುದು ತಮ್ಮೊಬ್ಬರ ಕೈಯಲ್ಲಿಲ್ಲವೆಂದು ಬಲ್ಲೆ. ಆದರೆ ಹುದ್ದೆ ಖಾಲಿ ಇರುವಷ್ಟು ಕಾಲ ಪಟ್ಟಿಯ ಗಾತ್ರವನ್ನು ಇರುವ ಕೈಗಳಿಗೆ ಹೊಂದಿಸುವುದು ಬಹುಮಟ್ಟಿಗೆ ತಮ್ಮ ಕೈಯಲ್ಲಿದೆ. ಸಂಜೆ ಇಂತಿಷ್ಟು ಗಂಟೆಯ ನಂತರ ತುರ್ತು ಜಾಮೀನು ಮತ್ತು ಬಿಡುಗಡೆಯ ವಿಷಯಗಳನ್ನು ಬಿಟ್ಟು ಬೇರಾವುದಕ್ಕೂ ನೌಕರರಿಗೆ ಸಂದೇಶ ಹೋಗಕೂಡದೆಂಬ ಆದೇಶಕ್ಕೆ ಒಂದು ಹಾಳೆ ಸಾಕು.

ದೌರ್ಜನ್ಯ ಮತ್ತು ಕೊಲೆಯ ಪ್ರಕರಣಗಳ ಸಾಕ್ಷ್ಯ ದಾಖಲಿಸುವವರನ್ನು ನಿಗದಿತ ಅವಧಿಗೊಮ್ಮೆ ಬದಲಿಸಿ, ನಡುವೆ ಬೇರೆ ಬಗೆಯ ಕೆಲಸ ಕೊಡಿ. ಅವರ ಜೊತೆ ಮಾತನಾಡಲು ಗೋಪ್ಯತೆಯ ಪ್ರಮಾಣಕ್ಕೆ ಬದ್ಧರಾದ ಆಪ್ತಸಮಾಲೋಚಕರನ್ನು ನೇಮಿಸಿ, ಮತ್ತು ಅವರ ಬಳಿ ಮಾತನಾಡುವುದು ಗೋಪ್ಯತೆಯ ಉಲ್ಲಂಘನೆಯಲ್ಲವೆಂದು ಸ್ಪಷ್ಟಪಡಿಸಿ. ಬೈಗುಳ ಮತ್ತು ಬೆದರಿಕೆಯ ವಿಷಯದಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2019ರ 190ನೆಯ ಒಡಂಬಡಿಕೆಯು ಹೊರಗಿನವರಿಂದ ಆಗುವ ಹಿಂಸೆ ಮತ್ತು ಕಿರುಕುಳವನ್ನೂ ಗಣನೆಗೆ ತೆಗೆದುಕೊಂಡಿದೆ. ನೋಟಿಸು ಜಾರಿ ಮಾಡಲು, ಜಪ್ತಿ ಮಾಡಲು ಒಂಟಿಯಾಗಿ ಹೋಗುವ ಅಮೀನರು ಎಷ್ಟು ಬಾರಿ ಹೊಡೆತ ತಿಂದು, ಅದನ್ನು ದೂರು ಕೊಡದೆ ನುಂಗಿಕೊಂಡಿದ್ದಾರೆಂಬುದಕ್ಕೆ ಲೆಕ್ಕವಿಲ್ಲ. ಅವರಿಗೆ ಜೊತೆಗಾರರನ್ನು ಕೊಡುವುದು ಮತ್ತು ಅಂಥ ಪ್ರತಿ ಘಟನೆಯನ್ನು ದಾಖಲಿಸುವುದು ತಕ್ಷಣ ಆಗಬೇಕು.

ನ್ಯಾಯಾಧೀಶರ ಮೇಲಿನ ಒತ್ತಡದ ಬಗ್ಗೆ ಈಗ ಜಗತ್ತು ಮಾತನಾಡತೊಡಗಿದೆ. 2024ರ ಜುಲೈ 25ರಂದು ನೌರು ದ್ವೀಪರಾಷ್ಟ್ರದಲ್ಲಿ ನ್ಯಾಯಾಂಗದ ಯೋಗಕ್ಷೇಮ ಕುರಿತ ಘೋಷಣೆಯೊಂದು ಹೊರಬಂತು. 2025ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅದೇ ದಿನಾಂಕವನ್ನು ನ್ಯಾಯಾಂಗದ ಯೋಗಕ್ಷೇಮದ ಅಂತರರಾಷ್ಟ್ರೀಯ ದಿನವೆಂದು ಸಾರಿತು. ಅದನ್ನು ಓದಿ ನನಗೆ ಸಂತೋಷವಾಯಿತು, ಏಕೆಂದರೆ ರಾತ್ರಿಯೆಲ್ಲ ಕುಳಿತು ತೀರ್ಪು ಬರೆದು ಬೆಳಗ್ಗೆ ಬಾಡಿದ ಮುಖದಲ್ಲಿ ಪೀಠವೇರಿದ ನ್ಯಾಯಾಧೀಶರನ್ನು ನಾವು ಬಹಳ ಹತ್ತಿರದಿಂದ ಕಂಡವರು. ಆ ದಿನದ ಕಾರ್ಯಕ್ರಮಗಳಲ್ಲಿ ನೌಕರರನ್ನೂ ಸೇರಿಸಿಕೊಳ್ಳಿ. ನ್ಯಾಯಾಧೀಶರ ಭಾರ ಮತ್ತು ಅವರ ಮುಂದೆ ಕುಳಿತ ಗುಮಾಸ್ತರ ಭಾರ ಒಂದೇ ಪಟ್ಟಿಯಿಂದ ಬರುತ್ತವೆ.

ಆ ಶೀಘ್ರಲಿಪಿಗಾರ್ತಿ ಸ್ವಯಂನಿವೃತ್ತಿ ಪಡೆದರು. ಅವರ ಸೇವಾ ಪುಸ್ತಕದಲ್ಲಿ ವೈಯಕ್ತಿಕ ಕಾರಣ ಎಂದು ಬರೆಯಲಾಯಿತು. ಇನ್ನೆರಡು ವರ್ಷ ಈ ಕೆಲಸ ನಿಮ್ಮಿಂದ ಆಗುವುದೇ ಎಂದು ಅವರನ್ನು ಅದಕ್ಕೆ ಮೊದಲು ಯಾರಾದರೂ ಕೇಳಿದ್ದರೆ, ಆಗುವುದಿಲ್ಲ, ಬೇರೆ ವಿಭಾಗ ಕೊಟ್ಟರೆ ಆಗುವುದು ಎಂದು ಅವರು ಉತ್ತರಿಸುತ್ತಿದ್ದರು. ನಿವೃತ್ತಿಯ ದಿನ ನನ್ನೊಡನೆ ಹಾಗೆಂದೇ ಹೇಳಿದರು. ಈಗ ಅದೇ ಮೇಜಿನಲ್ಲಿ ಬೇರೊಬ್ಬರು ಕುಳಿತಿದ್ದಾರೆ. ಅವರಿಗೆ ಆ ಪ್ರಶ್ನೆಯನ್ನು ಈ ವರ್ಷವೇ ಕೇಳಿರೆಂದು ಬೇಡಿಕೊಳ್ಳುತ್ತೇನೆ.

ಗೌರವಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ನ್ಯಾಯಾಲಯ ನೌಕರ